ಚಳಿಗೆ ತಟ್ಟುವ ಜೀಪು

ಹಲೋ... ಹಲೋ, ಯಾರು ಮಾತಾಡ್ತಿರೋದು?... ಇದು ನಿಯೆವೆಸ್ ಫೋನು. ಅವಳು ಹಿತ್ತಲಲ್ಲಿ ಬಟ್ಟೆ ಒಗೀತಿದಾಳೆ. ನಾನು ಅವಳಪ್ಪ, ಬಿಲಾಗ್... ಯಾರು? ಸ್ವಲ್ಪ ಜೋರಾಗಿ ಹೇಳಿ, ನಿಮ್ಮ ಕಡೆ ಗಾಳಿ ಬೀಸ್ತಿದೆ...

ಹಾಂ, ಜೊವಿತಾ. ನಮ್ಮ ಜೊವಿತಾನಾ? ಸೊಸೆ ದನಿ ಗುರುತು ಹಿಡಿಯೋಕೆ ಆಗದಷ್ಟು ಮುದುಕನಾದೆ ನೋಡು... ಯಾಕೆ, ಮೂಗು ಕಟ್ಟಿದ ಹಾಗಿದೆ? ನೆಗಡಿನಾ, ಇಲ್ಲ ಅತ್ತಿದ್ದೀಯಾ?... ಸರಿ. ನೆಗಡಿ ಅಂತಲೇ ಇರಲಿ...

ನಾನು ಚೆನ್ನಾಗಿದೀನಿ. ಎದೆ ಗೊರಗೊರ ಅನ್ನತ್ತೆ, ಬೆಳಿಗ್ಗೆ ಎದ್ದಾಗ. ಕಾಫಿ ಇಳಿದ ಮೇಲೆ ಸರಿಹೋಗತ್ತೆ. ಇಲ್ಲಿ ಬಾಗಿಯೋ ಪೇಟೆ ಚಳಿನೂ ಒಂದು ಚಳಿನಾ, ನಿಮ್ಮ ಮೇಲಿನ ಚಳಿ ಮುಂದೆ... ಅಲ್ಲಿ ಹೇಗಿದೆ? ಕೋಸಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆಯಾ?... ಹೊಲ ಪೂರಾ ಬೆಳ್ಳಗಾ? ಬಿಸಿಲು ಬೀಳೋ ಮುಂಚೆ ನೀರು ಹೊಯ್ದು ತೊಳೆದ್ರಾ? ಇಲ್ಲಾಂದ್ರೆ ಎಲೆ ಎಲ್ಲ ಸುಟ್ಟು ಹೋಗತ್ತೆ...

ಅದಲ್ಲವಾ ವಿಷಯ? ಮತ್ತೇನು?... ನಿಧಾನ, ನಿಧಾನ. ಯಾರು ಬಂದಿದಾರೆ?... ಮಾನೊಂಗ್ ದಗ್ಸನ್ ಬಂದಿದಾನೆ. ಬರಲಿ, ಅವನು ನಮ್ಮ ದೊಡ್ಡಪ್ಪನ ಮಗ, ನಾನು ಮಾನೊಂಗ್ ಅಂತ ಕರೆಯೋ ಅಣ್ಣ, ಬರೋಕೆ ಅವನಿಗೆ ಯಾರ ಅಪ್ಪಣೆ ಬೇಕು?... ಜೊತೆಗೆ ಜನ ಕರ್ಕೊಂಡು ಬಂದಿದಾನೆ. ಹಾರೆ ತಂದಿದಾರೆ... ಹಾರೆ ಯಾಕೆ?...

ಏನಂದೆ?...

ಇನ್ನೊಂದು ಸಲ ಹೇಳು ಮಗು. ಈ ಕಿವಿ ಸರಿಯಿಲ್ಲ, ಆ ಕಿವಿಗೆ ಹಿಡೀತೀನಿ... ಹಾಂ, ಈಗ ಹೇಳು... ಕ್ಲಿಫರ್ಡ್ ಗೋರಿನಾ? ಗೋರಿ ತೆಗೀತಾರಂತಾ? ನನ್ನ ಮಗನ ಗೋರಿ?...

ತಡಿ. ಕೂತ್ಕೋತೀನಿ...

ಹಾಂ. ಕೂತೆ. ಮೊದಲಿಂದ ಹೇಳು. ಅಳು ಬಂದ್ರೆ ಅಳು, ಆದ್ರೆ ಹೇಳೋದನ್ನ ಬಿಡಬೇಡ...

ಜೀಪು ತಟ್ಟತ್ತೆ... ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ, ಒಳಗಿಂದ ಯಾರೋ ಬಾಗಿಲು ಬಡಿದ ಹಾಗೆ... ದಿನಾನಾ?... ಮೊದಲು ಸಣ್ಣಗಿತ್ತು, ಹೊಸ ವರ್ಷ ಕಳೆದು ಚಳಿ ಏರಿದಾಗಿಂದ ಜೋರಾಗಿದೆ. ಹಾಂ... ಎಂಜಿನ್ ಬಿಸಿಯಾದ ಮೇಲೆ?... ನಿಲ್ಲತ್ತೆ? ಪೂರ್ತಿ ನಿಲ್ಲತ್ತಾ?... ಮಂಡಿಗೆ ಹೋಗಿ ಮೂಟೆ ಇಳಿಸಿ ವಾಪಸ್ ಹೊರಟಾಗ ಬರಲ್ಲ. ಮಾರನೇ ದಿನ ಬೆಳಿಗ್ಗೆ ಮತ್ತೆ... ಹಾಂ... ಹಾಂ...

ಅದಕ್ಕೆ ದಗ್ಸನ್ ಅಂದಿದ್ದು, ತಟ್ಟೋನು ಕ್ಲಿಫರ್ಡ್ ಅಂತ. ಒಳಗೆ ಅವನಿಗೆ ಚಳಿ, ಹೊದಿಕೆ ಕೇಳ್ತಿದಾನೆ, ಎಂಜಿನ್‌ಗೆ ಬಿಸಿ ಹತ್ತಿದ ಮೇಲೆ ಅವನಿಗೂ ಬೆಚ್ಚಗಾಗಿ ಸುಮ್ಮನಾಗ್ತಾನೆ ಅಂತ... ಊರವರೂ ಅದನ್ನೇ ಅಂತಾರಾ?... ಮೂಟೆ ಹೊರೋರು ಜೀಪು ಹತ್ತೋದೇ ಬಿಟ್ರಾ? ಮತ್ತೆ ಕೋಸು ಯಾರು ತುಂಬಿಸ್ತಾರೆ?... ನೀನೊಬ್ಬಳೇ?... ಹಾಂ...

ಹಂದಿ ಕಟ್ಟಿದೆ. ಹೊಸ ಕಂಬಳಿ ನೇಯಿಸಿದ್ದಾಯ್ತು. ಸತ್ತವರ ಜೊತೆ ಮಾತಾಡೋ ಮುದುಕ ಬಂದು ಒಲೆ ಮುಂದೆ ಕೂತಿದಾನೆ. ಇನ್ನು ಬೇಕಾಗಿರೋದು ನನ್ನ ಒಂದು ಮಾತು, ಅದಕ್ಕೆ ಫೋನು... ಹೌದು, ತಂದೆ ಬದುಕಿದ್ರೆ ಅವನು ಹೂಂ ಅನ್ನದೆ ಕಲ್ಲು ಎತ್ತೋ ಹಾಗಿಲ್ಲ. ಅಷ್ಟಾದರೂ ನೆನಪಿದೆಯಲ್ಲ ದಗ್ಸನ್‌ಗೆ, ಸದ್ಯ...

ಇಲ್ಲ, ಬೈತಿಲ್ಲ ಮಗು. ನಗ್ತಾನೂ ಇಲ್ಲ. ನಾನು ಯಾಕೆ ನಗಲಿ? ನನ್ನಪ್ಪನಿಗೆ ಹೊದಿಕೆ ಕೊಟ್ಟೋನು ನಾನೇ. ಅವ್ವನ ಕನಸಿಗೆ ಬಂದಿದ್ದ. ಒದ್ದೆ ಬಟ್ಟೆಯಲ್ಲಿ ಒಲೆ ಹತ್ತಿರ ಕೂತು ಕೈ ಕಾಯಿಸ್ತಿದ್ದನಂತೆ, ಮಾತಿಲ್ಲ, ಅವಳ ಮುಖ ನೋಡೋದೂ ಇಲ್ಲ. ಮತ್ತೆ ಮತ್ತೆ ಅದೇ ಕನಸು. ತೆಗೆದು ನೋಡಿದ್ರೆ ಗೋರಿ ಒಳಗೆ ನೀರು ಇಳಿದಿತ್ತು. ಕಂಬಳಿ ಕೈಗೆ ಸಿಕ್ಕಿದಲ್ಲೇ ಹರಿದು ಬರ್ತಿತ್ತು. ಮೂಳೆ ಒಂದೊಂದಾಗಿ ಒರೆಸಿ ಹೊಸದು ಸುತ್ತಿದ್ದು ಇದೇ ಕೈ. ಆಮೇಲೆ ಅವ್ವ ನೆಮ್ಮದಿಯಾಗಿ ಮಲಗಿದಳು. ಅದು ಸುಳ್ಳು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ನಿಜ ಅಂತಲೂ ಹೇಳಬೇಕಾಗಿಲ್ಲ...

ಅದಕ್ಕೇ ಕೇಳ್ತಿರೋದು. ನಿನಗೆ ಕನಸು ಬಿತ್ತಾ?... ಬಿದ್ದಿಲ್ಲ... ಒಂದು ಸಲವೂ?... ಮಕ್ಕಳಿಗೆ?... ದಗ್ಸನ್‌ಗೆ ಬಿದ್ದಿದೆಯಾ ಕೇಳು, ಅಲ್ಲೇ ಇದಾನಲ್ಲ... ಅವನಿಗೆ ನಿದ್ದೆಯೇ ಬರಲ್ವಂತಾ? ಅವನ ಗೊರಕೆಗೆ ಆಚೆ ಗುಡ್ಡದ ನಾಯಿ ಬೊಗಳ್ತಿತ್ತು, ಈಗ ನಿದ್ದೆ ಇಲ್ಲವಂತೆ...

ಅಲ್ಲ ಮಗು, ಯಾರ ಕನಸಿಗೂ ಬರದೆ ನೇರವಾಗಿ ಎಂಜಿನ್ ಒಳಗೆ ಹೋಗಿ ಕೂತನಾ ನನ್ನ ಮಗ?... ಬದುಕಿದ್ದಾಗ ಅದರೊಳಗೇ ತಲೆ ಹಾಕ್ಕೊಂಡಿರ್ತಿದ್ದ, ಅದು ಸರಿ. ಊಟಕ್ಕೆ ಕರೆದ್ರೆ, ಇಲ್ಲಿಗೇ ತಂದುಕೊಡಿ ಅಂತಿದ್ದ...

ಹಾಂ, ನಕ್ಕೆಯಲ್ಲ. ಸ್ವಲ್ಪ ನಗು...

ಇವತ್ತು ಚಾಲೂ ಮಾಡಿದ್ರಾ ಜೀಪು?... ಇಲ್ಲ? ನಿನ್ನೆ ಸಂಜೆ ನಿಲ್ಲಿಸಿದ್ದು, ಹಾಗೇ ಇದೆ?... ಹಾಗಾದ್ರೆ ಒಂದು ಕೆಲಸ ಮಾಡು. ನನಗೆ ಆ ಸದ್ದು ಕೇಳಿಸು. ಫೋನಲ್ಲೇ...

ಬೇಡ ಅಂತಾನಾ ದಗ್ಸನ್? ಪೂಜೆ ಮುಗಿಯೋವರೆಗೆ ಮುಟ್ಟಬಾರದಂತಾ?... ಅವನಿಗೆ ಹೇಳು, ತಂದೆ ಮಗನ ಸದ್ದು ಕೇಳಬೇಕಂತೆ, ಕೇಳದೆ ಹೂಂ ಅನ್ನಲ್ವಂತೆ ಅಂತ. ಅದಕ್ಕೆ ಅಡ್ಡ ಬರೋ ಪದ್ಧತಿ ಯಾವುದಿದೆ ಅಂತ ಆ ಮುದುಕನ್ನೇ ಕೇಳಿ ನೋಡಲಿ...

ಏನಂದ ಮುದುಕ?... ಕೇಳಲಿ ಅಂದನಾ. ಒಳ್ಳೇದು...

ಬಾನೆಟ್ ಎತ್ತು. ಕೋಲು ಸರಿಯಾಗಿ ಕೊಡು, ಆ ಕೋಲು ಜಾರತ್ತೆ, ನನಗೆ ಗೊತ್ತು... ಕೊಟ್ಟೆಯಾ? ಈಗ ಫೋನನ್ನ ಯಾರ ಕೈಗಾದರೂ ಕೊಡು, ಎಂಜಿನ್ ತಲೆ ಹತ್ತಿರ ಹಿಡೀಲಿ. ಫ್ಯಾನ್ ಕಡೆ ಬೇಡ, ಬರೀ ಗಾಳಿ ಕೇಳತ್ತೆ... ದಗ್ಸನೇ ಹಿಡೀತಾನಾ? ಹಿಡೀಲಿ. ಉಸಿರು ಬಿಗಿ ಹಿಡಿದು ನಿಲ್ಲೋಕೆ ಹೇಳು. ನೀನು ಹೋಗಿ ಕೂತ್ಕೋ. ಹೀಟರ್ ದೀಪ ಆರೋವರೆಗೆ ಕಾದು ಆಮೇಲೆ ಸೆಲ್ಫ್ ಹೊಡಿ. ಆಕ್ಸಿಲರೇಟರ್ ತುಳೀಬೇಡ, ತಾನಾಗೇ ಓಡಲಿ...

ಹಾಂ, ಹೊಡಿ...

...

...

ಹಾಂ... ಬಂತು...

ನಿಲ್ಲಿಸಬೇಡ. ಏನಂತಾಳೆ, ನಿಲ್ಲಿಸಲಾ ಅಂತಾಳಾ? ಬೇಡ ಅನ್ನು ಮಾನೊಂಗ್. ಇರಲಿ. ಇನ್ನೂ ಸ್ವಲ್ಪ ಇರಲಿ...

...

ಈಗ ಕಡಿಮೆ ಆಯ್ತು... ಇನ್ನೂ ಇದೆ... ಈಗ ಒಂದೊಂದೇ...

...

ನಿಂತಿತು. ಸರಿ. ನಿಲ್ಲಿಸೋಕೆ ಹೇಳು...

ಜೊವಿತಾ? ಇಲ್ಲೇ ಇದೀನಿ ಮಗು. ಕೇಳಿಸ್ತು, ಎಲ್ಲ ಕೇಳಿಸ್ತು. ಒಂದು ಗುಟುಕು ಕಾಫಿ ಕುಡೀತೀನಿ, ತಡಿ...

ನೋಡು, ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಗಡಗಡ ಅನ್ನೋದು ಅದರ ಹುಟ್ಟುಗುಣ. ಅದನ್ನ ಬಿಡು. ಅದರ ಮೇಲೆ ಇನ್ನೊಂದು ಸದ್ದು ಇತ್ತಲ್ಲ, ಟಕ ಟಕ ಟಕ ಅಂತ, ಒಣ ಬಿದಿರಿಗೆ ಬಿದಿರು ಬಡಿದ ಹಾಗೆ? ಅದೇ ತಾನೆ ನೀವು ಕ್ಲಿಫರ್ಡ್ ಅಂತಿರೋದು?... ಹಾಂ. ಅದು ಬರ್ತಿರೋದು ಮೇಲಿಂದ, ವಾಲ್ವ್ ಒತ್ತೋ ಟ್ಯಾಪೆಟ್ ಕಡೆಯಿಂದ. ಆಮೇಲೆ ಶುರುವಿನಲ್ಲಿ ಕೆಳಗಿಂದಲೂ ಒಂದು ಬಂತು, ದಬ್ ದಬ್ ಅಂತ, ಭಾರವಾಗಿ. ಅದು ಬೇರಿಂಗು. ಅದು ನನಗೆ ಸರಿ ಬರಲಿಲ್ಲ...

ಒಂದು ಹೇಳು. ಮುಂದೆ ಕೆಂಪು ದೀಪ ಇದೆಯಲ್ಲ, ಎಣ್ಣೆ ಚೊಂಬಿನ ಚಿತ್ರದ್ದು. ಚಾಲೂ ಆದ ಮೇಲೆ ಅದು ತಕ್ಷಣ ಆರತ್ತಾ?... ಆರಲ್ಲ. ಎಷ್ಟು ಹೊತ್ತು ಇರತ್ತೆ, ಅಂದಾಜು?... ಚರ್ಚಲ್ಲಿ ಹೇಳೋ ಪ್ರಾರ್ಥನೆ ಅರ್ಧ ಆಗೋಷ್ಟು. ಅಯ್ಯೋ. ಅಷ್ಟು ಹೊತ್ತಾ?...

ಆ ದೀಪ ಇರೋವಷ್ಟು ಹೊತ್ತೂ ಎಂಜಿನ್ ಒಳಗೆ ಕಬ್ಬಿಣದ ಮೇಲೆ ಕಬ್ಬಿಣ ಓಡ್ತಿರತ್ತೆ ಮಗು. ನಡುವೆ ಆಯಿಲ್ ಇಲ್ಲ...

ಆಯಿಲ್ ಇದೆ ಅಂತೀಯಾ. ಕೆಳಗಿದೆ, ಚೇಂಬರಲ್ಲಿ. ಮೇಲೆ ಹತ್ತಬೇಕಲ್ಲ? ಆ ಆಯಿಲ್ ಕಡ್ಡಿ ಎಳಿ. ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಸಲ ಅದ್ದಿ ತೆಗೆದು ನೆಟ್ಟಗೆ ಹಿಡಿ. ತುದಿಯಿಂದ ಹನಿ ಹೇಗೆ ಬೀಳತ್ತೆ ನೋಡಿ ಹೇಳು...

ಬೀಳ್ತಾನೇ ಇಲ್ಲವಾ?... ಈಗಷ್ಟೇ ಎಂಜಿನ್ ಓಡಿದೆ, ಆದ್ರೂ ಜೋನಿಬೆಲ್ಲದ ಹಾಗೆ ಜೋತು ನಿಂತಿದೆ... ಹಾಂ...

ಈ ಆಯಿಲ್ ಯಾವಾಗ ಹಾಕಿದ್ದು?... ಬದಲಿಸಿಲ್ಲ. ಇರೋದರ ಮೇಲೇ ಹೊಯ್ದಿದ್ದೀಯಾ... ಸದ್ದು ಬಂತು ಅಂತ ರಸ್ತೆ ಬದಿ ಅಂಗಡಿಯವನನ್ನ ಕೇಳಿದೆ, ಅವನು ಗಟ್ಟಿ ಆಯಿಲ್ ಕೊಟ್ಟ. ಸದ್ದು ಜಾಸ್ತಿ ಆಯ್ತು, ಇನ್ನೂ ಗಟ್ಟಿದು ಕೊಟ್ಟ. ಆಮೇಲೆ ಒಂದು ಸಣ್ಣ ಡಬ್ಬಿ, ಜೇನಿನ ಹಾಗೆ ಇಳಿಯೋದು, ಎಂಥ ಸದ್ದನ್ನೂ ನುಂಗತ್ತೆ ಅಂದ... ನುಂಗಿತಾ?... ಬಿಸಿಯಾದಾಗ ನುಂಗಿತು, ಬೆಳಿಗ್ಗೆ ಇನ್ನೂ ಜೋರಾಯ್ತು. ಅಲ್ವಾ?... ಅವನು ಕೆಳಗಿನ ಬಯಲಿನವನು ಇರಬೇಕು. ಕೆಟ್ಟವನೇನಲ್ಲ. ಅವನ ಊರಲ್ಲಿ ಬೆಳಿಗ್ಗೇನೂ ಬೆವರತ್ತೆ, ಅಲ್ಲಿ ಸವೆದ ಎಂಜಿನ್‌ಗೆ ಗಟ್ಟಿ ಆಯಿಲ್ ಹಾಕ್ತಾರೆ, ನಡೆಯತ್ತೆ. ನಿಮ್ಮಲ್ಲಿ ನಲ್ಲಿ ನೀರೇ ಹರಿಯಲ್ಲ, ಇನ್ನು ಆಯಿಲ್ ಎಲ್ಲಿ ಹರೀಬೇಕು...

ತಪ್ಪು ನಿನ್ನದಲ್ಲ. ಯಾರು ಹೇಳಿಕೊಟ್ಟಿದ್ರು ನಿನಗೆ? ಓಡಿಸೋದು ಹೇಳಿಕೊಟ್ಟಿದ್ದ ಕ್ಲಿಫರ್ಡ್, ಅಷ್ಟೇ. ಮಿಕ್ಕಿದ್ದಕ್ಕೆಲ್ಲ ತಾನಿದ್ದೀನಿ ಅಂದ್ಕೊಂಡಿದ್ದ...

ಕೋಳಿ ಗೂಡಿನ ಮೇಲೆ ಒಂದು ಹಲಗೆ ಇತ್ತಲ್ಲ, ಅವನ ಡಬ್ಬಿಗಳೆಲ್ಲ ಅಲ್ಲೇ ಇಡ್ತಿದ್ದ. ಹೋಗಿ ನೋಡು. ನೀಲಿದೋ ಕೆಂಪುದೋ ಗೊತ್ತಿಲ್ಲ, ದೊಡ್ಡದೊಂದು ಇರಬೇಕು... ಹೋಗು, ನಾನು ಕಾಯ್ತೀನಿ...

...

ನಿಯೆವೆಸ್, ಜೊವಿತಾ ಮಾತಾಡ್ತಿದಾಳೆ. ಆಮೇಲೆ ಹೇಳ್ತೀನಿ. ಇಲ್ಲ, ಯಾರಿಗೂ ಹುಷಾರಿಲ್ಲ ಅಂತಲ್ಲ. ನೀನು ಬಟ್ಟೆ ಹಿಂಡು ಹೋಗು...

ಹಾಂ, ಹಲೋ, ಸಿಕ್ತಾ?... ಸಿಕ್ತು. ಮುಚ್ಚಳ ತೆಗೆದಿದೆಯಾ?... ಸೀಲು ಹಾಗೇ ಇದೆ... ಹೊರಗಡೆ ದೊಡ್ಡ ಅಕ್ಷರದಲ್ಲಿ ಅಂಕಿ ಇರತ್ತೆ, ಓದು. ಇಂಗ್ಲಿಷ್ ನನಗೆ ಬರಲ್ಲ, ಅಂಕಿ ಬರತ್ತೆ... ಹದಿನೈದು... ಆಮೇಲೆ ಒಂದು ಅಕ್ಷರ, ಎರಡು ಕೊಕ್ಕೆ ಅಂಟಿಸಿದ ಹಾಗೆ... ಆಮೇಲೆ ನಲವತ್ತು. ಹಾಂ. ಈಗ ಅಂಗಡಿಯವನು ಕೊಟ್ಟ ಖಾಲಿ ಡಬ್ಬಿ ನೋಡು. ಅದರ ಮೇಲೆ?... ಬರೀ ಐವತ್ತು. ಮುಂದೆ ಹಿಂದೆ ಏನೂ ಇಲ್ಲ... ಗೊತ್ತಾಯ್ತು...

ಕೇಳು, ಆ ಕೊಕ್ಕೆ ಅಕ್ಷರದ ಮುಂಚೆ ಇರೋ ಅಂಕಿ ಚಳಿಗಾಲದ್ದು. ಅದು ಸಣ್ಣದಿದ್ದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯತ್ತೆ. ಆಮೇಲಿನ ಅಂಕಿ ಎಂಜಿನ್ ಕಾದ ಮೇಲೆ ಎಷ್ಟು ಗಟ್ಟಿ ಉಳಿಯತ್ತೆ ಅನ್ನೋದು. ಬರೀ ಒಂದೇ ಅಂಕಿ ಇದ್ರೆ ಅದು ಚಳಿ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಅಂತ ಅರ್ಥ. ಇಷ್ಟೇ. ನನಗೆ ಗಣಿ ಲಾರಿ ಮೇಸ್ತ್ರಿ ಹೇಳಿಕೊಟ್ಟಿದ್ದು ಇಷ್ಟೇ, ನಾನು ಕ್ಲಿಫರ್ಡ್‌ಗೆ ಹೇಳಿಕೊಟ್ಟಿದ್ದೂ ಇಷ್ಟೇ...

ಸಣ್ಣ ಅಂಕಿ ಒಳ್ಳೇದಾದ್ರೆ ಸೊನ್ನೆದೇ ಹಾಕಬಹುದಲ್ವಾ ಅಂತೀಯಾ? ಚೆನ್ನಾಗಿ ಕೇಳಿದೆ. ಅದು ಹೊಸ ಕಾರುಗಳಿಗೆ. ನಮ್ಮದು ಹಳೇ ಜಪಾನ್ ಎಂಜಿನ್, ಒಳಗೆ ಸವೆದು ಸಂದು ದೊಡ್ಡದಾಗಿದೆ. ತೀರ ತೆಳ್ಳಗಿದ್ರೆ ಬಿಸಿಯಾದ ಮೇಲೆ ಆಯಿಲ್ ಆ ಸಂದಿನಲ್ಲಿ ನಿಲ್ಲಲ್ಲ, ಜಾರಿ ಹೋಗತ್ತೆ. ಡಬ್ಬಿ ಮೇಲೆ ಡೀಸೆಲ್ ಅಂತ ಇದೆಯಾ ನೋಡ್ಕೋ... ಇದೆ. ಇರಲೇಬೇಕು, ಅವನು ತಂದಿದ್ದು...

ಯಾವಾಗ ತಂದನೋ. ಆಸ್ಪತ್ರೆಗೆ ಸೇರೋ ಮುಂಚೆ ಮಂಡಿಗೆ ಕೊನೇ ಸಲ ಹೋಗಿದ್ದನಲ್ಲ, ಆಗ ಇರಬೇಕು...

ನಿನಗೆ ನೆನಪಿದೆಯಾ ಜೊವಿತಾ, ಪ್ರತಿ ವರ್ಷ ಸತ್ತವರ ದಿನ ಅವನು ಏನು ಮಾಡ್ತಿದ್ದ? ಬೆಳಿಗ್ಗೆ ಅಜ್ಜನ ಗೋರಿಗೆ ಮೇಣದಬತ್ತಿ ಹಚ್ಚಿ ಬರ್ತಿದ್ದ. ಮನೇಗೆ ಬಂದು ಅಂಗಿ ಬದಲಿಸಿ ಜೀಪಿನ ಕೆಳಗೆ ಹೋಗ್ತಿದ್ದ. ಬೇಸಿಗೆ ಆಯಿಲ್ ತೆಗೆದು ಚಳಿ ಆಯಿಲ್ ಹಾಕೋಕೆ... ಹೌದು, ಹಬ್ಬದ ದಿನ ಯಾಕೆ ಕೊಳೆ ಆಗ್ತೀಯ ಅಂತ ನೀನು ಬೈತಿದ್ದೆ. ನಾನು ಕೇಳಿದೀನಿ... ಅವನಿಗೆ ಅದೇ ಗುರುತು. ಆ ದಿನ ಕಳೆದ್ರೆ ಚಳಿ ಬಂತು ಅಂತ...

ಈ ಸಲ ಮೇಣದಬತ್ತಿ ಹಚ್ಚಿದ್ದು ಅವನಿಗೇ. ಜೀಪಿನ ಕೆಳಗೆ ಯಾರು ಹೋಗಬೇಕಿತ್ತು ಹೇಳು...

ಅವನು ತಟ್ಟುತ್ತಿಲ್ಲ ಮಗು. ಅವನಿಲ್ಲ ಅಂತ ಜೀಪು ತಟ್ಟುತ್ತಿದೆ...

...

ಅಳು. ಇದೀನಿ ನಾನು...

ಯಾರು? ಫೋನ್ ಯಾರು ತಗೊಂಡ್ರು?... ಓ, ಮಾನೊಂಗ್. ಹೇಳಪ್ಪ... ಮೊದಲು ಕಿರುಚೋದು ನಿಲ್ಲಿಸು, ಫೋನು ಇರೋದೇ ಅದಕ್ಕೆ, ಕಿರುಚದೆ ಮಾತಾಡೋಕೆ... ಹಾಂ, ನಾನು ಊರು ಬಿಟ್ಟು ಕೆಳಗೆ ಬಂದು ಕೂತಿದೀನಿ, ಒಪ್ಪಿದೆ. ಕೆಳಗಿನವರ ಬುದ್ಧಿ ಬಂದಿದೆ ಅಂತೀಯಾ? ಬರಲಿಲ್ಲ, ಬಂದಿದ್ರೆ ನಿನ್ನ ಜೊತೆ ಮಾತೇ ಆಡ್ತಿರಲಿಲ್ಲ...

ಅಲ್ಲಯ್ಯ, ನೀನು ಹುಟ್ಟಿದಾಗಿಂದ ಎಮ್ಮೆ ಓಡಿಸಿದೋನು. ಎಮ್ಮೆ ಕೂಗಿದ್ರೆ ನಾನು ನಿನ್ನ 'ಮಾನೊಂಗ್, ಯಾಕೆ' ಅಂತ ಕೇಳ್ತೀನಿ. ಜೀಪು ಕೂಗಿದ್ರೆ ನೀನು ನನ್ನ ಒಂದು ಮಾತು ಕೇಳಬಾರದಾ?...

ಏನು?...

ಹಾಂ...

ಅದು ಸರಿಯಾಗಿ ಕೇಳಿದೆ ನೀನು. ನಾನು ತಪ್ಪಿದ್ರೆ ಏನು ಗತಿ ಅಂತ. ಅವನು ನಿಜಕ್ಕೂ ಚಳಿಯಲ್ಲಿದ್ದು, ನಾನು ಆಯಿಲ್ ಆಯಿಲ್ ಅಂತ ಕೂತಿದ್ರೆ... ನಾನೂ ಅದನ್ನೇ ಕೇಳ್ಕೋತಿದೀನಿ ಮಾನೊಂಗ್. ನಿನಗೆ ತಮ್ಮನ ಮಗ. ನನಗೆ ಮಗ...

ಹೀಗೆ ಮಾಡೋಣ. ಇವತ್ತು ಆಯಿಲ್ ಬದಲಿಸಲಿ. ಆ ಡಬ್ಬಿಯದೇ ಹಾಕಲಿ. ನಾಳೆ ಬೆಳಿಗ್ಗೆ ಇಬ್ಬನಿ ಇನ್ನೂ ಬಿಳಿಯಾಗಿರೋವಾಗಲೇ ನೀನು ಬಂದು ನಿಲ್ಲು. ಜೊವಿತಾ ಚಾಲೂ ಮಾಡಲಿ. ಆಗಲೂ ಒಳಗೆ ಯಾರೋ ತಟ್ಟಿದ್ರೆ, ನಾನೇ ಮೊದಲ ಬಸ್ಸಿಗೆ ಬರ್ತೀನಿ. ಎದೆ ಏನಾದರೂ ಆಗಲಿ. ಹಾರೆ ನಾನೇ ಹಿಡೀತೀನಿ, ನೀನು ಆ ಕಡೆ ಮುಖ ಮಾಡಿಕೊಂಡು ನಿಂತಿರು ಸಾಕು. ಒಪ್ಪಿದೆಯಾ?...

ಮುದುಕನನ್ನ ಕೇಳ್ತೀಯಾ? ಕೇಳು...

...

ಏನಂದ?... ಕಿವಿ ಇಟ್ಟು ಕೇಳೋಕೆ ಒಂದು ದಿನ ಕಾದ್ರೆ ಸತ್ತವರು ಮುನಿಯಲ್ಲ ಅಂದನಾ. ಹಾಂ. ಅವನು ತಿಳಿದೋನು...

ಹಂದಿ ಏನು ಮಾಡೋದು ಅಂತ ನನ್ನ ಕೇಳ್ತೀಯಲ್ಲ ಮಾನೊಂಗ್. ಬೆಳಿಗ್ಗೆಯಿಂದ ನಿನ್ನ ಕಣ್ಣು ಅದರ ಮೇಲೇ ಇರೋದು ನನಗೆ ಇಲ್ಲಿಂದ ಕಾಣ್ತಿದೆ. ಕಟ್ಟಿದ್ದನ್ನ ಬಿಚ್ಚಿ ಕಳಿಸೋಕಾಗತ್ತಾ? ಕೊಯ್ಯಿ. ಕ್ಲಿಫರ್ಡ್ ಹೆಸರು ಹೇಳಿ ಅಕ್ಕಿ ಹೆಂಡ ನೆಲಕ್ಕೆ ಸುರಿ, ಮನೆ ಮನೆಗೆ ಪಾಲು ಹಂಚು. ಜೀಪು ಹತ್ತೋಕೆ ಹೆದರಿದೋರ ಮನೇಗೆ ಮೊದಲು ಕೊಡು. ಕಂಬಳಿ ಗೋರಿ ಮೇಲೆ ಹಾಸಿ. ಕಲ್ಲು ಮಾತ್ರ ಅಲುಗಿಸಬೇಡ... ಹೂಂ. ಜೊವಿತಾಗೆ ಕೊಡು ಫೋನು...

ಜೊವಿತಾ?... ಇದೀಯಾ?...

ಎಲ್ಲ ಇತ್ಯರ್ಥ ಆಯ್ತಲ್ಲ...

ನಿನಗೆ ಇಷ್ಟ ಇರಲಿಲ್ಲವಾ?...

ತೆಗೀಲಿ ಅಂತಲೇ ಇತ್ತಾ ನಿನ್ನ ಮನಸ್ಸಲ್ಲಿ... ಒಂದು ಸಲ ಮುಖ ನೋಡಬೇಕು ಅಂತ... ಓ ಮಗು...

ಹೇಳ್ತೀನಿ ಕೇಳು. ನನ್ನಪ್ಪನನ್ನ ತೆಗೆದಾಗ ಅವನು ಹೋಗಿ ಎಷ್ಟೋ ವರ್ಷ ಆಗಿತ್ತು. ಬರೀ ಮೂಳೆ, ಒರೆಸಿದ್ರೆ ಸ್ವಚ್ಛ. ಕೈಯಲ್ಲಿ ಹಿಡಿದ್ರೆ ಹಗುರ. ಅದಕ್ಕೆ ನಮಸ್ಕಾರ ಮಾಡಬಹುದು. ಕ್ಲಿಫರ್ಡ್ ಹೋದ ಮೇಲೆ ನೆಟ್ಟ ಕೋಸು ಕೂಡ ಇನ್ನೂ ಕೈಗೆ ಬಂದಿಲ್ಲ. ಈಗ ಕಲ್ಲು ಎತ್ತಿದ್ರೆ ನೀನು ನೋಡೋದು ಅವನನ್ನಲ್ಲ. ಗಣಿಯಲ್ಲಿ ಮಣ್ಣು ಕುಸಿದಾಗ ನಾನು ಜನರನ್ನ ತೆಗೆದಿದೀನಿ, ತಡವಾಗಿ. ಏನು ನೋಡಿದೆ ಅಂತ ಹೇಳಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಅದನ್ನ ನೋಡಿದೋರಿಗೆ ಆಮೇಲೆ ಆ ಮನುಷ್ಯನ ನಗು ಮುಖ ನೆನಪಿಗೆ ಬರಲ್ಲ, ಅಷ್ಟು ಹೇಳಬಲ್ಲೆ...

ಹಾಂ...

ಮತ್ತೇನು? ಇನ್ನೂ ಏನೋ ಇದೆ. ಹೇಳು...

ಬೆಳಿಗ್ಗೆ ತಟ್ಟಿದಾಗ ನೀನು ಏನು ಮಾಡ್ತಿದ್ದೆ?... ಒಳಗೆ ಕೂತೇ ಇರ್ತಿದ್ದೆ. ಸ್ಟಿಯರಿಂಗ್ ಮೇಲೆ ಕೈ ಇಟ್ಟು... ಮಾತಾಡ್ತಿದ್ದೆಯಾ ಅವನ ಜೊತೆ?... ಮಕ್ಕಳ ಸ್ಕೂಲು, ಮಂಡಿಯಲ್ಲಿ ಯಾರು ಏನಂದ್ರು, ಎಲ್ಲ... ಅದಕ್ಕೇ ಮೇಸ್ತ್ರಿ ಹತ್ತಿರ ಒಯ್ಯಲಿಲ್ಲ ನೀನು...

ಆಯಿಲ್ ಬದಲಿಸಿದ್ರೆ ಅದೂ ಹೋಗತ್ತೆ ಅಂತೀಯಾ...

ಹೋಗತ್ತೆ ಮಗು. ಸುಳ್ಳು ಹೇಳಲ್ಲ. ನಾಳೆ ಬೆಳಿಗ್ಗೆ ಗಡಗಡ ಅಷ್ಟೇ ಇರತ್ತೆ, ತಟ್ಟೋದು ಇರಲ್ಲ...

ಇನ್ನೊಂದು ವಾರನಾ? ಇಲ್ಲ. ಒಂದು ದಿನವೂ ಇಲ್ಲ. ಆ ಬೇರಿಂಗ್ ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಸವೆದು ಹೋಗ್ತಿದೆ. ಯಾವತ್ತೋ ಸಿನಿಪ್ಸಿಪ್ ಇಳಿಜಾರಲ್ಲಿ ಗಪ್ ಅಂತ ಹಿಡ್ಕೊಂಡ್ರೆ? ಹಿಂದೆ ಮೂಟೆ, ಮೂಟೆ ಮೇಲೆ ಜನ, ಎಡಗಡೆ ಪ್ರಪಾತ. ಬ್ರೇಕಿಗೆ ಜೋರು ಕೊಡೋ ಪಂಪು ಕೂಡ ಅದೇ ಆಯಿಲ್ ಕುಡಿದು ಓಡೋದು, ಅದು ಗೊತ್ತಿತ್ತಾ ನಿನಗೆ?... ಗೊತ್ತಿರಲಿಲ್ಲ. ಎಂಜಿನ್ ಹಿಡ್ಕೊಂಡ ಮೇಲೆ ಬ್ರೇಕ್ ಪೆಡಲ್ ಕಲ್ಲಾಗತ್ತೆ. ನೀನು ಎರಡೂ ಕಾಲಲ್ಲಿ ತುಳಿದ್ರೂ ಅಲುಗಲ್ಲ. ಆಗ ಯಾವ ಸದ್ದೂ ಇರಲ್ಲ ಜೊವಿತಾ. ಆ ನಿಶ್ಶಬ್ದ ನಾನು ಕೇಳಿದೀನಿ. ನಿನಗೆ ಅದು ಬೇಡ...

ಹಾಂ. ಆಯ್ತು. ಗೊತ್ತಾಯ್ತಲ್ಲ...

ಈಗ ಕೆಲಸ ಹೇಳ್ತೀನಿ. ಬಿಸಿಲು ಏರಲಿ. ಹಳೇ ತಗಡಿನಲ್ಲಿ ಕೆಂಡ ಹಾಕಿ ಚೇಂಬರ್ ಕೆಳಗೆ ಇಡು. ಉರಿ ಇರಬಾರದು, ಬರೀ ಕೆಂಡ. ಡೀಸೆಲ್ ಪೈಪು ಹೋಗೋ ಕಡೆಯಿಂದ ದೂರ. ಕೈ ಇಟ್ರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಆಮೇಲೆ ಕೆಂಡ ಈಚೆ ಎಳೆದು, ದೂರ ಇಟ್ಟು, ಆಮೇಲೇ ಡ್ರೈನ್ ನಟ್ಟು ಬಿಚ್ಚು. ಕೊನೇ ಹನಿ ಬೀಳೋವರೆಗೆ ಬಿಡು, ಅವಸರ ಮಾಡಬೇಡ. ಆ ಜೇನಿನಂಥದ್ದು ಎಲ್ಲ ಇಳೀಬೇಕು... ದಗ್ಸನ್‌ನ ಕೆಳಗೆ ಕಳಿಸ್ತೀಯಾ? ಅವನ ಹೊಟ್ಟೆ ಹಿಡಿಸಲ್ಲ ಅಲ್ಲಿ, ಆಮೇಲೆ ಅವನನ್ನ ಈಚೆ ತೆಗೆಯೋಕೆ ಹಾರೆ ಬೇಕಾಗತ್ತೆ. ನೀನೇ ಹೋಗು. ಕ್ಲಿಫರ್ಡ್ ಅಂಗಿ ಇದೆಯಲ್ಲ, ಕೊಳೆ ಆಗಿರೋದು, ಅದನ್ನ ಹಾಕ್ಕೋ...

ಫಿಲ್ಟರೂ ಬದಲಿಸಬೇಕು. ಆ ಹಲಗೆ ಮೇಲೇ ಇರಬೇಕು ನೋಡು, ಅವನು ಆಯಿಲ್ ತಂದು ಫಿಲ್ಟರ್ ತರದೆ ಇರೋನಲ್ಲ... ಇದೆಯಾ. ಹಾಂ... ಹೊಸ ಫಿಲ್ಟರ್ ಒಳಗೆ ಮೊದಲು ಸ್ವಲ್ಪ ಆಯಿಲ್ ಹೊಯ್ದು ಆಮೇಲೆ ತಿರುಗಿಸಿ ಕೂರಿಸು. ಎಲ್ಲ ತುಂಬಿದ ಮೇಲೆ, ಎಂಜಿನ್ ನಿಲ್ಲಿಸೋ ಹಿಡಿ ಇದೆಯಲ್ಲ, ಅದನ್ನ ಎಳೆದು ಹಿಡ್ಕೊಂಡೇ ಸೆಲ್ಫ್ ಹೊಡಿ. ಎಂಜಿನ್ ಹತ್ತಲ್ಲ, ಬರೀ ತಿರುಗತ್ತೆ, ಆಯಿಲ್ ಮೇಲಕ್ಕೆ ಏರತ್ತೆ. ಕೆಂಪು ದೀಪ ಆರಿದ ಮೇಲೆ ಹಿಡಿ ಬಿಟ್ಟು ಚಾಲೂ ಮಾಡು. ಅಲ್ಲಿಯವರೆಗೆ ಈ ಗಟ್ಟಿ ಆಯಿಲ್ ಇಟ್ಕೊಂಡು ಇನ್ನೊಂದು ಸಲ ಚಾಲೂ ಮಾಡಬೇಡ. ತಿರುಗಿ ಹೇಳು, ಏನು ಮಾಡ್ತೀಯಾ?...

ಹಾಂ... ಹಾಂ... ಕೆಂಡ ದೂರ ಇಡೋದು ಬಿಟ್ಟೆ... ಹಾಂ. ಸರಿ...

ಬೇಸಿಗೆಗೆ ಗಟ್ಟಿದಕ್ಕೆ ಬದಲಿಸಬೇಕಾ? ಬೇಡ, ಇದೇ ಇರಲಿ. ಅವನು ಬದಲಿಸ್ತಿದ್ದದ್ದು ಕೆಳಗಿನ ಬಯಲಿಗೂ, ಮನಿಲಾಗೂ ಹೋಗ್ತಿದ್ದ ಅಂತ. ನೀನು ಮಂಡಿ ದಾಟಿ ಹೋಗಲ್ಲವಲ್ಲ...

ಏನೋ ಟಿಕ್ ಟಿಕ್ ಅಂತಿದೆ, ನಿನ್ನ ಕಡೆನಾ?... ಬ್ಯಾಟರಿ ಮುಗೀತಾ ಬಂತಾ. ಹಾಗಾದ್ರೆ ಇಡು, ನಾಳೆ ಮಾತಾಡೋಣ. ಮಕ್ಕಳಿಗೆ...

ಏನು?... ಕೇಳಿಸಲಿಲ್ಲ, ಇನ್ನೊಂದು ಸಲ...

ಹಾಂ. ಕೇಳಿಸ್ತು...

ನನಗಾ? ನನಗೂ ಅವನೇ ತಟ್ಟಿದ ಹಾಗೆ ಕೇಳಿಸ್ತಾ ಅಂತನಾ?...

ಅದು ಯಾಕೆ ಕೇಳ್ತೀಯಾ ಈಗ...

ಸರಿ, ಕೇಳಿದೆ, ಹೇಳ್ತೀನಿ. ನೋಡು, ಚಳಿಗೆ ಬರತ್ತೆ, ಬಿಸಿಗೆ ಹೋಗತ್ತೆ ಅಂತ ನೀನು ಅಂದಾಗಲೇ ನನಗೆ ಗೊತ್ತಾಗಿತ್ತು ಅದು ಆಯಿಲ್ ಅಂತ. ಇನ್ನೇನೂ ಆಗಿರೋಕೆ ಸಾಧ್ಯ ಇರಲಿಲ್ಲ. ಕಡ್ಡಿ ಎಳೆಸಿದ್ರೆ ಸಾಕಿತ್ತು, ಡಬ್ಬಿ ಓದಿಸಿದ್ರೆ ಸಾಕಿತ್ತು. ಅಷ್ಟು ಹೊತ್ತು ಚಾಲೂ ಮಾಡಿಸಿ, ಇದ್ದ ಬೇರಿಂಗನ್ನ ಇನ್ನಷ್ಟು ಸವೆಸೋ ಕೆಲಸವೇ ಇರಲಿಲ್ಲ. ಆದ್ರೂ ಚಾಲೂ ಮಾಡು ಅಂದೆ. ನಿಲ್ಲಿಸಲಾ ಅಂತ ನೀನು ಕೇಳಿದಾಗಲೂ ಇರಲಿ ಅಂದೆ. ಯಾಕಂದ್ರೆ ಜೊವಿತಾ...

ಹಲೋ?...

ಜೊವಿತಾ?... ಕೇಳ್ತಿದೆಯಾ?...

ಹಲೋ...